ಬಣ್ಣದ ಓದಿನ ಅಸಲು

ಅರ್ಜಿಯಲ್ಲಿ ತಂದೆಯ ಸಹಿಗೆಂದು ಬಿಟ್ಟಿದ್ದ ಜಾಗ ಒಂದು ಬೆಂಕಿಪೊಟ್ಟಣದಷ್ಟೂ ಇರಲಿಲ್ಲ. ಆದರೆ ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರು ಬೆಳಗಿನ ಏಳು ಗಂಟೆಗೆ ಆ ಜಾಗದ ಮೇಲೆ ಕಣ್ಣು ನೆಟ್ಟವರು ಏಳೂಕಾಲಾದರೂ ಕೀಳಲಿಲ್ಲ. ಟೀ ಆರಿ ಕೆನೆ ಕಟ್ಟಿತು.

ಅರ್ಜಿ ಚಿತ್ರಕಲಾ ಕಾಲೇಜಿನದು. ನಾಲ್ಕು ವರ್ಷದ ಪದವಿ. ಮಗಳು ಅದನ್ನು ಲೋಟದ ಪಕ್ಕದಲ್ಲಿಟ್ಟು, ಅದರ ಮೇಲೆ ಪೆನ್ನಿಟ್ಟು, ಅಪ್ಪನಿಗೆ ತೊಂದರೆಯಾಗದಿರಲಿ ಎಂದು ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟಿದ್ದಳು.

"ಸಹಿ ಹಾಕಪ್ಪ. ಇವತ್ತೇ ಕೊನೇ ದಿನ. ಐದು ಗಂಟೆಯೊಳಗೆ ಕೊಡ್ಬೇಕು."

ಗುಮಾಸ್ತರು ಅರ್ಜಿ ತಿರುವಿದರು. ಹಿಂಬದಿಯಲ್ಲಿ ಶುಲ್ಕದ ಪಟ್ಟಿ. ಬೋಧನೆಯ ಶುಲ್ಕ, ಸ್ಟುಡಿಯೋ ಶುಲ್ಕ, ಜೇಡಿಮಣ್ಣಿನ ಶುಲ್ಕ.

"ಮಣ್ಣಿಗೂ ದುಡ್ಡಾ?"

"ಅದು ಒಳ್ಳೇ ಮಣ್ಣು ಅಪ್ಪ."

ನಾಲ್ಕು ವರ್ಷದ್ದೂ ಎಲ್ಲ ಕೂಡಿಸಿದರೆ ಅವರ ಹದಿನಾಲ್ಕು ತಿಂಗಳ ಸಂಬಳ. ಅದೂ ಆ ಹದಿನಾಲ್ಕು ತಿಂಗಳು ಮನೆಯಲ್ಲಿ ಯಾರೂ ಉಣ್ಣದೆ, ದೀಪ ಹಚ್ಚದೆ, ಚಪ್ಪಲಿ ಸವೆಸದೆ ಗೋಡೆಗೆ ತೂಗುಹಾಕಿದ ಫೋಟೋಗಳ ಹಾಗೆ ಇದ್ದುಬಿಟ್ಟರೆ.

ದೂರು ಕಿಟಕಿಯಲ್ಲಿ ಕೂತ ಇಪ್ಪತ್ತೆರಡು ವರ್ಷಗಳಲ್ಲಿ ಗುಮಾಸ್ತರು ಯಾರಿಗೂ 'ಇಲ್ಲ' ಅಂದವರಲ್ಲ, 'ಆಗಲಿ' ಅಂತಲೂ ಅಂದವರಲ್ಲ. ಎರಡರ ನಡುವೆ ಒಂದು ಕಿರಿದಾದ ಸಂದಿ ಇದೆ. ಅವರು ಅದರಲ್ಲೇ ಸಂಸಾರ ಮಾಡಿಕೊಂಡಿದ್ದರು.

"ನೋಡೋಣ," ಎಂದರು.

"ನೋಡೋದಕ್ಕೆ ಏನಿದೆ? ಸೀಟು ಸಿಕ್ಕಿದೆ."

"ಓದಿ ಮುಗಿಸಿದ್ಮೇಲೆ ಎಷ್ಟು ಬರುತ್ತೆ?"

"ಏನು?"

"ಸಂಬಳ ಕಣಮ್ಮ. ಹಾಕಿದ ಅಸಲು ಹುಟ್ಟೋದು ಯಾವಾಗ? ಮೂಲೇಲಿರೋ ವಾಣಿಜ್ಯ ಕಾಲೇಜಲ್ಲೂ ನಿನಗೆ ಸೀಟಿದೆ. ಮೂರೇ ವರ್ಷ, ಖರ್ಚು ನನ್ನ ಆರು ತಿಂಗಳ ಸಂಬಳ. ಹೊರಗೆ ಬಂದ ಮಾರನೇ ದಿನ ಕೆಲಸ."

"ನಿನ್ನ ಥರಾನಾ?" ಎಂದಳು ಮಗಳು. ಕುಹಕವೇನಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದು. ಗುಮಾಸ್ತರೂ ವಾಣಿಜ್ಯ ಪದವೀಧರರೇ.

ಒಳಗಿನಿಂದ ಬರುತ್ತಿದ್ದ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಮಾತಾಡುವುದಿದ್ದರೆ ಮೊದಲು ಯಂತ್ರ ನಿಲ್ಲುತ್ತದೆ. "ರೀ, ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ. ಮಗೂನ ನಡುನೀರಲ್ಲಿ ನಿಲ್ಲಿಸ್ಬೇಡಿ." ಯಂತ್ರ ಮತ್ತೆ ಶುರುವಾಯಿತು.

"ಸಂಜೆಯೊಳಗೆ ವಿಚಾರಿಸ್ಕೊಂಡು ಬರ್ತೀನಿ. ಲೆಕ್ಕ ಏನು ಹೇಳುತ್ತೋ ಹಾಗೆ," ಎಂದು ಗುಮಾಸ್ತರು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ಲೆಕ್ಕ ಎಂಬ ಪದ ಆ ಕಟ್ಟಡದಲ್ಲಿ ಜೋರಾಗಿ ಆಡುವಂಥದ್ದಲ್ಲ. ಕೆಳಗಿನ ಮನೆಯಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು ಇದ್ದರು. ಮೂವತ್ತೆಂಟು ವರ್ಷ ಪಾಠ ಹೇಳಿದವರು, ಈಗ ಕೇಳುವವರಿಲ್ಲದೆ ಹಾಲಿನವನಿಗೆ ಶೇಕಡಾವಾರು ಕಲಿಸುತ್ತಿದ್ದರು. ಗುಮಾಸ್ತರು ಮೆಟ್ಟಿಲಿಳಿಯುವ ಹೊತ್ತಿಗೆ ಅವರು ಹಳೆಯ ಕ್ಯಾಲೆಂಡರಿನ ಹಾಳೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಎಲ್ಲಾ ಕೇಳಿಸ್ತು ಕಣಯ್ಯಾ. ಸರಿಯಾದ ಪ್ರಶ್ನೆ ಕೇಳಿದೀಯ. ಈ ಕಡೆ ಖರ್ಚು, ಈ ಕಡೆ ಸಂಪಾದನೆ. ಖರ್ಚು ಗೊತ್ತು. ಸಂಪಾದನೆ ಗೊತ್ತಿಲ್ಲ. ಚಿತ್ರ ಓದಿದವರು ಮೂರು ಜನಾನ ಹಿಡಿದು ಕೇಳ್ಕೊಂಡು ಬಾ. ಸರಾಸರಿ ಹಾಕೋ ಕೆಲಸ ನಂದು."

"ಮೂರೇ ಸಾಕಾ ಮೇಷ್ಟ್ರೇ?"

"ಇಬ್ಬರಾದರೆ ಜಗಳ. ಮೂವರಾದರೆ ಸರಾಸರಿ."

ಗುಮಾಸ್ತರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಇನ್ನೊಂದು ಉಪಕಾರ. ನಾನು ಬರೋದರೊಳಗೆ ನೀವೊಂದು ಸಲ ಮೇಲೆ ಹೋಗಿ ಅವಳಿಗೆ ಬುದ್ಧಿ ಹೇಳಿ. ನನ್ನ ಮಾತು ಅವಳ ಕಿವಿ ಮೇಲೆ ಬೀಳುತ್ತೆ, ಒಳಗೆ ಹೋಗಲ್ಲ."

ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಂತೆ ಬೆಳಗಿತು. ಯಾರೋ ತಾವಾಗಿಯೇ ಒಬ್ಬ ವಿದ್ಯಾರ್ಥಿನಿಯನ್ನು ಒಪ್ಪಿಸುತ್ತಿದ್ದರು! "ನನ್ನ ಮೇಲೆ ಬಿಡು," ಎಂದು ಅಂಗಿಯ ತೋಳು ಮಡಿಸಿದರು.

ಕಚೇರಿಯ ದೂರು ಕಿಟಕಿಯ ಎದುರು ಅಂದು ಎಂದಿನಂತೆ ಸಾಲು. ಮೊದಲನೆಯವನು ಮೂರು ದಿನದಿಂದ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿದೆ ಎಂದು ಕೂಗಾಡಿದ. ಎರಡನೆಯವನು ಬಕೆಟ್ಟನ್ನೇ ತಂದು ಮೇಜಿನ ಮೇಲೆ ಕುಕ್ಕಿದ. ಗುಮಾಸ್ತರು ಕದಲಲಿಲ್ಲ. ಹುಬ್ಬು ಏರಲಿಲ್ಲ, ತುಟಿ ಅಲುಗಲಿಲ್ಲ. ಬೈಗುಳ ಅವರ ಮುಖಕ್ಕೆ ಬಡಿದು ಬಂಡೆಗೆ ಬಿದ್ದ ಮಳೆಯ ಹಾಗೆ ಇಳಿದುಹೋಗುತ್ತಿತ್ತು. ಕೊನೆಗೆ ಬೈದವರೇ ದಣಿದು, "ನಿಮಗೆ ಹೇಳಿ ಏನು ಪ್ರಯೋಜನ" ಎಂದು ದೂರಿನ ಪುಸ್ತಕದಲ್ಲಿ ಬರೆದು ಹೋಗುವರು. ಅಧಿಕಾರಿಗಳು ಅವರನ್ನು ಆ ಕಿಟಕಿಯಿಂದ ಎತ್ತದೇ ಇದ್ದದ್ದು ಇದಕ್ಕೇ.

ಪಕ್ಕದ ಕ್ಯಾಷಿಯರ್‌ಗೆ ವಿಷಯ ಹೇಳದೆ ಅರ್ಧ ದಿನದ ರಜೆ ಸಿಗುವಂತಿರಲಿಲ್ಲ. ಹೇಳಿದ ಐದು ನಿಮಿಷಕ್ಕೆ ಇಡೀ ಕಚೇರಿಗೆ ಗೊತ್ತಾಯಿತು.

"ಚಿತ್ರಕಲೇನಾ? ರೀ, ನಮ್ಮ ಭಾವಮೈದುನನ ಸ್ನೇಹಿತ ಒಬ್ಬ ಓದಿದ್ದ," ಎಂದರು ಕ್ಯಾಷಿಯರ್.

"ಈಗೇನು ಮಾಡ್ತಿದಾನೆ?"

"ಅದೇ ಗೊತ್ತಿಲ್ಲ. ಗೊತ್ತಿಲ್ಲ ಅಂದಮೇಲೆ ನೀವೇ ಊಹೆ ಮಾಡ್ಕೊಳ್ಳಿ. ಬೇಕಾದ್ರೆ ಹಿಂದಿನ ಗಲ್ಲೀಲಿ ಬೋರ್ಡ್ ಬರೆಯೋನನ್ನ ಕೇಳಿ. ಅವನು ಚಿನ್ನದ ಪದಕ ತಗೊಂಡೋನು."

ಬೋರ್ಡ್ ಬರೆಯುವವನ ಅಂಗಡಿ ಎಂದರೆ ಮೂರು ಗೋಡೆ, ಒಂದು ಏಣಿ. ಗಡ್ಡದಲ್ಲಿ ಹಸಿರು ಬಣ್ಣ ಒಣಗಿದ್ದ ನಲವತ್ತರ ಮನುಷ್ಯ. ಚಿನ್ನದ ಪದಕ ಎಂದ ಕೂಡಲೇ ಕುಂಚ ಕೆಳಗಿಟ್ಟ.

"ಹೌದು ಸಾರ್, ನಾಲ್ಕು ವರ್ಷ ಓದಿದೀನಿ. 'ಇಲ್ಲಿ ವಾಹನ ನಿಲ್ಲಿಸಬೇಡಿ' ಅಂತ ಬೋರ್ಡ್ ನೋಡಿರ್ತೀರಲ್ಲ? ಈ ಭಾಗದಲ್ಲಿ ಅಂಥವು ಎಪ್ಪತ್ತು ಇವೆ. ಎಲ್ಲಾ ನಂದೇ."

"ನೋಡಿದೀನಿ. ಎಲ್ಲಾದರ ಕೆಳಗೂ ವಾಹನ ನಿಂತಿರುತ್ತೆ."

"ಅಕ್ಷರ ಚೆನ್ನಾಗಿದೆ ಅಂತ ನಿಲ್ಲಿಸ್ತಾರೆ ಸಾರ್."

"ಸಂಪಾದನೆ ಹೇಗೆ?"

ಆತ ಯೋಚಿಸಿದ. "ಕೆಲಸ ಇದ್ದ ತಿಂಗಳು ನೀವು ನನ್ನ ನೋಡಿ ಹೊಟ್ಟೆ ಉರ್ಕೋತೀರಿ. ಇಲ್ಲದ ತಿಂಗಳು ನಾನು ನಿಮ್ಮನ್ನ ನೋಡಿ. ವರ್ಷದ ಕೊನೆಗೆ ಇಬ್ಬರಿಗೂ ಒಂದೇ ಉರಿ."

ಇದನ್ನು ಮೇಷ್ಟ್ರ ಹಾಳೆಯಲ್ಲಿ ಹೇಗೆ ಬರೆಯುವುದೆಂದು ಚಿಂತಿಸುತ್ತ ಗುಮಾಸ್ತರು ಹಿಂದಕ್ಕೆ ಒರಗಿದರು. "ಅಯ್ಯೋ ಸಾರ್!" ಎಂದು ಆತ ಕೂಗುವಷ್ಟರಲ್ಲಿ ಬೆನ್ನು ತಣ್ಣಗಾಗಿತ್ತು. ಅವರು ಒರಗಿದ್ದು ಆಗಷ್ಟೇ ಬರೆದಿಟ್ಟಿದ್ದ ಒಂದು ಬೋರ್ಡಿಗೆ. ಅದರಲ್ಲಿ 'ದಯವಿಟ್ಟು ಒರಗಬೇಡಿ' ಎಂದಿತ್ತು. ಈಗ ಅದು ಬೋರ್ಡಿನಲ್ಲಿ ಅರ್ಧ, ಗುಮಾಸ್ತರ ಬೆನ್ನ ಮೇಲೆ ಉಳಿದರ್ಧ, ತಿರುಗುಮುರುಗಾಗಿ.

"ಅಂಗಿ ಬಿಚ್ಚಿ ಕೊಡಿ, ಸೀಮೆಎಣ್ಣೇಲಿ ಅದ್ದಿಡ್ತೀನಿ. ಸಂಜೆ ತಗೊಂಡು ಹೋಗಿ," ಎಂದು ಆತ ಮೊಳೆಗೆ ತೂಗುಹಾಕಿದ್ದ ತನ್ನ ಅಂಗಿ ಕೊಟ್ಟ. ಅದು ಮೊಣಕಾಲಿನವರೆಗೆ ಬರುವ ದೊಗಳೆ ಅಂಗಿ. ಮೂಲ ಬಣ್ಣ ಯಾವುದೆಂದು ಅದಕ್ಕೇ ಮರೆತುಹೋಗಿತ್ತು. ಅದರೊಳಗೆ ಗುಮಾಸ್ತರು ದಿಂಬಿನ ಚೀಲದಲ್ಲಿ ಬಿದ್ದ ಬೆಕ್ಕಿನಂತೆ ಕಂಡರು. ಅರ್ಜಿಯನ್ನೂ ಫೋನನ್ನೂ ಹೊಸ ಜೇಬಿಗೆ ಸಾಗಿಸಿ ಹೊರಟರು.

ಎರಡನೆಯ ವಿಳಾಸ ಕೊಟ್ಟವನು ಬೋರ್ಡಿನವನೇ. ಅವನ ಜೊತೆಗೆ ಓದಿದ ಹೆಂಗಸು. ವಿಳಾಸ ಹಿಡಿದು ಹೋದರೆ ಅದು ಹಲ್ಲಿನ ಕಾರ್ಖಾನೆ. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಪುಟ್ಟ ಕೋಣೆ. ಆಕೆ ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು, ಮೂರು ಕೂದಲಿನ ಕುಂಚದಿಂದ ಒಂದು ದವಡೆ ಹಲ್ಲಿಗೆ ಬಣ್ಣ ಹಚ್ಚುತ್ತಿದ್ದರು.

"ನಾಲ್ಕು ವರ್ಷ ಸೂರ್ಯೋದಯದ ಬಣ್ಣ ಕಲಿತೆ," ಎಂದರು ತಲೆಯೆತ್ತದೆ. "ಈಗ ಹಲ್ಲಿಗೆ ಸೂರ್ಯಾಸ್ತದ ಬಣ್ಣ ಹಚ್ತೀನಿ. ಅಚ್ಚ ಬಿಳಿ ಇದ್ರೆ ಕಟ್ಟಿಸಿದ್ದು ಅಂತ ಗೊತ್ತಾಗಿಬಿಡುತ್ತಲ್ಲ. ಎಲ್ಲಿ, ಬಾಯಿ ತೆಗೀರಿ."

ಗುಮಾಸ್ತರು ತೆಗೆದರು. ಯಾರಾದರೂ ಗಟ್ಟಿಯಾಗಿ ಹೇಳಿದರೆ ಅವರು ಏನನ್ನಾದರೂ ಮಾಡುವರು.

"ದಿನಕ್ಕೆ ಆರು ಲೋಟ ಟೀ. ಎಡಗಡೆ ಅಗಿಯೋದು. ಚಿಂತೆ ಇದ್ದಾಗ ಹಲ್ಲು ಕಡೀತೀರಿ."

"ಇವತ್ತು ಬೆಳಗ್ಗೆಯಿಂದ ಮಾತ್ರ," ಎಂದು ಗುಮಾಸ್ತರು ಬಾಯಿ ಮುಚ್ಚಿ ಸಂಪಾದನೆ ಕೇಳಿದರು. ಆಕೆ ಹೇಳಿದ ಮೊತ್ತ ಅವರ ಸಂಬಳದ ಎರಡರಷ್ಟಿತ್ತು. ಕಡಿಯಲು ಹೊರಟ ಹಲ್ಲು ಹಾಗೇ ನಿಂತಿತು.

"ಖುಷಿಯಾಗಿದೀರಾ?" ಎಂದು ಕೇಳಿಬಿಟ್ಟರು. ಮೇಷ್ಟ್ರ ಪಟ್ಟಿಯಲ್ಲಿ ಆ ಕಾಲಂ ಇರಲಿಲ್ಲ.

ಆಕೆ ಮೊದಲ ಸಲ ತಲೆಯೆತ್ತಿದರು. "ನನ್ನ ಒಂದು ಚಿತ್ರಾನೂ ಯಾರ ಗೋಡೆ ಮೇಲೂ ಇಲ್ಲ. ಆದ್ರೆ ಸಾವಿರಾರು ಜನ ನನ್ನ ಚಿತ್ರ ಇಟ್ಕೊಂಡೇ ನಗ್ತಾರೆ. ಮೂರನೆಯವರು ಬೇಕು ಅಂದ್ರಲ್ಲ? ನೇರವಾಗಿ ಕಾಲೇಜಿಗೇ ಹೋಗಿ. ಹಳೇ ವಿದ್ಯಾರ್ಥಿಗಳ ವಿವರ ಎಲ್ಲಾ ಅಲ್ಲಿನ ಕಚೇರೀಲಿರುತ್ತೆ."

ಚಿತ್ರಕಲಾ ಕಾಲೇಜಿನ ಗೇಟು ದಾಟುವಾಗ ಗಂಟೆ ಒಂದೂ ಮುಕ್ಕಾಲು. ಕಚೇರಿ ಎಲ್ಲಿ ಎಂದು ಕೇಳಲು ಬಾಯಿ ತೆಗೆಯುವಷ್ಟರಲ್ಲಿ, ಜವಾನ ಅವರ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ಓಡಿಬಂದ.

"ಬಂದ್ರಾ ಪುಣ್ಯಾತ್ಮರು! ಎಷ್ಟೊತ್ತು ಕಾಯೋದು? ಮೇಡಂ ಕೆಂಡ ಆಗಿದಾರೆ. ನಡೀರಿ ನಡೀರಿ!"

"ನಾನು ವಿಚಾರಿಸೋಕೆ..."

"ವಿಚಾರಣೆ ಎಲ್ಲಾ ಆಮೇಲೆ." ಆತ ತೋಳು ಹಿಡಿದು ಉದ್ದನೆಯ ಓಣಿಯಲ್ಲಿ ನಡೆಸಿಕೊಂಡು ಹೋಗಿ ಒಂದು ದೊಡ್ಡ ಕೋಣೆಗೆ ತಳ್ಳಿದ.

ಇಪ್ಪತ್ತು ಚಿತ್ರದ ಹಲಗೆಗಳು ಅರ್ಧಚಂದ್ರಾಕಾರವಾಗಿ ನಿಂತಿದ್ದವು. ಇಪ್ಪತ್ತರ ಹಿಂದೆ ಇಪ್ಪತ್ತು ತಲೆಗಳು. ನಡುವೆ ಒಂದು ಎತ್ತರದ ಪೀಠ, ಅದರ ಮೇಲೊಂದು ಸ್ಟೂಲು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದ ಮೇಡಂ ಕಡ್ಡಿಯಿಂದ ಸ್ಟೂಲು ತೋರಿಸಿದರು.

"ಕೂತ್ಕೊಳ್ಳಿ. ಕೈ ಮೊಣಕಾಲ ಮೇಲೆ. ಮುಖ ಕಿಟಕಿ ಕಡೆ."

"ಮೇಡಂ, ನಾನು ಸಂಪಾದನೆ ವಿಷಯವಾಗಿ..."

"ದುಡ್ಡಿನ ಮಾತು ಕೆಲಸ ಆದ್ಮೇಲೆ. ಎರಡು ಗಂಟೆ. ಅಲ್ಲಾಡಬಾರದು."

ಗುಮಾಸ್ತರು ಕೂತರು. ತಮ್ಮನ್ನು ಚಿತ್ರಕ್ಕೆ ಕೂರುವ ಆಳೆಂದು ತಿಳಿದಿದ್ದಾರೆ ಎಂದು ಅವರಿಗೆ ಅರ್ಥವಾಗುವ ಹೊತ್ತಿಗೆ ಇಪ್ಪತ್ತು ಇದ್ದಿಲ ಕಡ್ಡಿಗಳು ಕಾಗದದ ಮೇಲೆ ಕರಕರ ಅನ್ನತೊಡಗಿದ್ದವು. ಈಗ ಎದ್ದರೆ ಇಪ್ಪತ್ತು ಮಕ್ಕಳ ಪಾಠ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಏಳಲು ವಿವರಣೆ ಕೊಡಬೇಕು. ಕೂತಿರುವುದಕ್ಕೆ ಯಾವ ವಿವರಣೆಯೂ ಬೇಕಿಲ್ಲ.

ಹತ್ತು ನಿಮಿಷಕ್ಕೆ ಒಂದು ನೊಣ ಬಂದು ಮೂಗಿನ ತುದಿಯಲ್ಲಿ ಕೂತಿತು. ಅಲ್ಲಿಂದ ಹುಬ್ಬಿಗೆ ಹೋಗಿ, ಸುತ್ತಾಡಿ, ಮತ್ತೆ ಮೂಗಿಗೆ ಬಂತು. ಗುಮಾಸ್ತರು ಅದನ್ನು ದೂರು ಕೊಡಲು ಬಂದ ಇನ್ನೊಬ್ಬ ಗ್ರಾಹಕನೆಂದು ಬಗೆದು ಸುಮ್ಮನಿದ್ದರು. ಮೂರು ಗಂಟೆ ದಾಟಿದ ಮೇಲೆ ಜೇಬಿನಲ್ಲಿ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. ಹೀಗೆ ಏಳು ಸಲ. ಗುಮಾಸ್ತರು ಕದಲಲಿಲ್ಲ.

ಮೇಡಂ ಸುತ್ತು ಹಾಕುತ್ತಿದ್ದವರು ಅವರ ಮುಂದೆ ನಿಂತರು. "ಮೂವತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಬಂದೋರೆಲ್ಲಾ ಕೆರ್ಕೋತಾರೆ, ಆಕಳಿಸ್ತಾರೆ, ನಿದ್ದೆ ಹೊಡೀತಾರೆ. ಏನೂ ಮಾಡದೇ ಇರೋದನ್ನ ಇಷ್ಟು ಚೆನ್ನಾಗಿ ಮಾಡೋರನ್ನ ನಾನು ನೋಡೇ ಇಲ್ಲ. ಎಲ್ಲಿ ಕಲಿತ್ರಿ?"

"ನೀರು ಸರಬರಾಜಿನಲ್ಲಿ," ಎಂದರು ಗುಮಾಸ್ತರು, ತುಟಿಯಲುಗಿಸದೆ.

ಎರಡು ಗಂಟೆ ಮುಗಿದಾಗ ಅವರಿಗೆ ಕಾಲಿನ ಇರವೇ ತಿಳಿಯುತ್ತಿರಲಿಲ್ಲ. ಕುಂಟುತ್ತಾ ಹಲಗೆಗಳ ಮುಂದೆ ಹಾದರು. ಇಪ್ಪತ್ತು ಗುಮಾಸ್ತರು ಅವರನ್ನು ನೋಡಿದರು. ಒಬ್ಬ ಅವರನ್ನು ಬೆಟ್ಟದ ಹಾಗೆ ಬರೆದಿದ್ದ. ಇನ್ನೊಬ್ಬ ಕಿವಿಗಳನ್ನು ತುಸು ಧಾರಾಳವಾಗಿಯೇ ಬರೆದಿದ್ದ. ಕೊನೆಯ ಹಲಗೆಯ ಹುಡುಗಿ ಮುಖಕ್ಕೆ ಇನ್ನೂ ಬಂದೇ ಇರಲಿಲ್ಲ. ಎರಡು ಗಂಟೆಯೂ ಅವರ ಕೈಗಳನ್ನೇ ಬರೆದಿದ್ದಳು. ಬೆರಳಿನ ಗೆಣ್ಣು, ಮೊಹರು ಒತ್ತಿ ಒತ್ತಿ ಹೆಬ್ಬೆರಳಿನ ಪಕ್ಕ ಜಡ್ಡುಗಟ್ಟಿದ ಜಾಗ, ಸವೆದ ಉಗುರು.

ಗುಮಾಸ್ತರು ತಮ್ಮ ಕೈ ನೋಡಿಕೊಂಡರು, ಮತ್ತೆ ಚಿತ್ರ ನೋಡಿದರು. ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಜನ ಅವರ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಒಬ್ಬರೂ ಅವರನ್ನು ನೋಡಿರಲಿಲ್ಲ. ತಮ್ಮ ಮಗಳೂ ಹೀಗೆ ಯಾರದೋ ಕೈಯನ್ನು ಎರಡು ಗಂಟೆ ನೋಡಬೇಕೆಂದು ಕೇಳಿದ್ದಳು. ಅದಕ್ಕೆ ತಾವು ಅಸಲು ಯಾವಾಗ ಹುಟ್ಟುತ್ತೆ ಅಂದಿದ್ದರು.

ಅಷ್ಟರಲ್ಲಿ ಮೇಡಂ ಒಂದು ಲಕೋಟೆ ಚಾಚಿದರು. ಅದರಲ್ಲಿದ್ದದ್ದು ಗುಮಾಸ್ತರ ಅರ್ಧ ದಿನದ ಸಂಬಳ. ಪ್ರಾಮಾಣಿಕ ಮನುಷ್ಯ. "ಮೇಡಂ, ಇದು ನನ್ನದಲ್ಲ. ನಾನು ಕೂರೋಕೆ ಬಂದೋನಲ್ಲ, ಕೇಳೋಕೆ ಬಂದೋನು," ಎಂದು ಅರ್ಜಿ ತೆಗೆದು ತೋರಿಸಿ ಎಲ್ಲವನ್ನೂ ಹೇಳಿದರು.

ಮೇಡಂ ಸ್ಟೂಲಿನ ಮೇಲೆ ತಾವೇ ಕೂತು ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು: "ಹಾಗಾದ್ರೆ ಕೇಳಿ. ನಮ್ಮ ಸಿಬ್ಬಂದಿ ಮಕ್ಕಳಿಗೆ ಅರ್ಧ ಶುಲ್ಕ. ನೀವು ಶನಿವಾರ, ಭಾನುವಾರ ಎರಡೆರಡು ಗಂಟೆ ಬಂದು ಕೂತ್ರೆ ಇನ್ನರ್ಧಾನೂ ಅದರಲ್ಲೇ ತೀರಿಹೋಗುತ್ತೆ. ನಾಲ್ಕು ವರ್ಷ. ನಿಮ್ಮ ಕೈಯಿಂದ ಬಿಡಿಗಾಸೂ ಬಿಚ್ಚೋದು ಬೇಡ. ಈ ಲಕೋಟೇನೂ ಅದಕ್ಕೇ ಜಮೆ ಮಾಡ್ಕೋತೀವಿ."

ಗುಮಾಸ್ತರಿಗೆ ಮೇಷ್ಟ್ರ ಹಾಳೆ ಕಣ್ಣ ಮುಂದೆ ಬಂತು. ಖರ್ಚಿನ ಕಡೆ ಸೊನ್ನೆ! ಅಸಲೇ ಹಾಕದ ಮೇಲೆ ಹುಟ್ಟುವುದೇನು ಬಂತು?

ಕರಾರುಪತ್ರ ಅಚ್ಚಾಗಿಯೇ ಇತ್ತು. ಹಿಂದೆ ಚಿತ್ರಕ್ಕೆ ಕೂರಲು ಬಂದವರಲ್ಲಿ ಮೂವರು ಅರ್ಧ ಚಿತ್ರಕ್ಕೇ ಓಡಿಹೋಗಿ, ಒಂದು ತರಗತಿಗೆ ತರಗತಿಯೇ ಮೂಗಿಲ್ಲದ ಮುಖಗಳನ್ನಿಟ್ಟುಕೊಂಡು ಪರೀಕ್ಷೆ ಬರೆದಿತ್ತಂತೆ. ಎರಡು ಪುಟ, ಇರುವೆ ಸಾಲಿನಂಥ ಅಕ್ಷರ. ಜೀವಮಾನದಲ್ಲೇ ಮೊದಲ ಸಲ ಗುಮಾಸ್ತರು 'ನೋಡೋಣ' ಅನ್ನಲಿಲ್ಲ. ಕರಾರಿಗೂ ಸಹಿ ಹಾಕಿದರು, ಅರ್ಜಿಗೂ ಹಾಕಿದರು. ಬೆಂಕಿಪೊಟ್ಟಣದ ಜಾಗ ಮೀರಿ ಸಹಿಯ ಬಾಲ ಹಾಳೆಯ ಅಂಚಿನವರೆಗೂ ಹೋಯಿತು.

"ಐದರೊಳಗೆ ಮಗಳನ್ನ ಕರ್ಕೊಂಡು ಬನ್ನಿ, ದಾಖಲೆ ಮುಗಿಸೋಣ," ಎಂದರು ಮೇಡಂ.

ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುವಾಗ ನಾಲ್ಕೂಕಾಲು. ಬಾಗಿಲು ತೆರೆದಿತ್ತು. ಒಳಗೆ ಮೇಷ್ಟ್ರು ಕುರ್ಚಿಯಲ್ಲಿ ವಿಜಯಿಯಂತೆ ಕೂತಿದ್ದರು. ಕ್ಯಾಷಿಯರ್ ಕೂಡ ಬಂದಿದ್ದರು. ಏನಾಯಿತೆಂದು ತಿಳಿಯದೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲವಂತೆ. ನೆಲದ ತುಂಬ ಕ್ಯಾಲೆಂಡರಿನ ಹಾಳೆಗಳು.

"ಎಲ್ಲಯ್ಯಾ ಇದ್ದೆ? ಏಳು ಸಲ ಫೋನ್ ಮಾಡಿದೆ!" ಎಂದರು ಮೇಷ್ಟ್ರು. "ಇದೇನು ವೇಷ?"

"ಆಮೇಲೆ ಹೇಳ್ತೀನಿ. ಪುಟ್ಟೀ, ಏಳು, ಹೊರಡು! ನೀನು ಚಿತ್ರಾನೇ ಓದು. ನಾನು ಒಪ್ಕೊಂಡಿದೀನಿ!"

ಮಗಳು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಕ್ಯಾಷಿಯರ್ ಕಡೆ ನೋಡಿದರು. ಕ್ಯಾಷಿಯರ್ ಛಾವಣಿ ನೋಡಿದರು.

"ಅಪ್ಪ," ಎಂದಳು ಮಗಳು ಮೆಲ್ಲಗೆ, "ನಾನು ಮೂರು ಗಂಟೆಗೇ ಹೋಗಿ ವಾಣಿಜ್ಯ ಕಾಲೇಜಿಗೆ ಸೇರ್ಕೊಂಡೆ. ಅಮ್ಮ ಬಂದು ಸಹಿ ಹಾಕಿದ್ರು. ಶುಲ್ಕಾನೂ ಕಟ್ಟಾಯ್ತು."

"ಕೆಲಸ ಆಯ್ತು ಅಂತ ಹೇಳೋಕೇ ಅಷ್ಟು ಸಲ ಫೋನ್ ಮಾಡಿದ್ದು," ಎಂದರು ಮೇಷ್ಟ್ರು.

ಗುಮಾಸ್ತರು ನೆಲದ ಹಾಳೆಗಳ ಮೇಲೇ ಕೂತರು. "ಯಾಕಮ್ಮಾ? ಮೇಷ್ಟ್ರು ಹೆದರಿಸಿದ್ರಾ?"

"ಇಲ್ಲಪ್ಪ. ಅವರು ಸಂಪಾದನೆ ಹೇಗೆ ಬೆಳೆಯುತ್ತೆ ಅಂತ ಒಂದು ಗೆರೆ ಎಳೆದು ತೋರಿಸಿದ್ರು. ಗೆರೆ ಡೊಂಕಾಗಿತ್ತು. ನಾನು ತಿದ್ದಿದೆ. 'ಹಾಗೆಲ್ಲ ತಿದ್ದೋ ಹಾಗಿಲ್ಲ, ಅದು ಅಲ್ಲೇ ಯಾಕೆ ಬಾಗ್ಬೇಕು ಗೊತ್ತಾ' ಅಂತ ಅದಕ್ಕೆ ಕಾರಣ ಹೇಳಿದ್ರು. ಅಪ್ಪ, ಪ್ರತಿಯೊಂದು ಬಾಗಿಗೂ ಒಂದು ಕಾರಣ ಇದೆ! ಬಡ್ಡಿಗೆ ಒಂಥರಾ ಗೆರೆ, ಬೆಲೆ ಏರೋದಕ್ಕೆ ಇನ್ನೊಂಥರಾ. ನಲವತ್ತು ಹಾಳೆ ಮುಗಿಸಿದ್ವಿ. ನನಗೆ ಇದನ್ನೇ ಓದ್ಬೇಕು ಅನ್ನಿಸಿಬಿಡ್ತು."

"ಹೊಟ್ಟೆಗೆ ಬಟ್ಟೆಗೆ ಬರುತ್ತೆ ಅಂತ ಹಾಗೆಲ್ಲ ಮನಸ್ಸು ಬದಲಾಯಿಸ್ತಾರಾ?" ಎಂದು ಗುಮಾಸ್ತರು ಸಿಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಏರಿಸಿದ ಮೊದಲ ದನಿ ಅದು. "ಜೀವನ ಅಂದ್ರೆ ಬರೀ ಸಂಬಳಾನಾ? ಒಬ್ಬ ಮನುಷ್ಯನ ಕೈ ಇದೆ ಅಂದ್ಕೋ. ಅದನ್ನ ನೋಡೋರು ಬೇಡ್ವಾ? ಹಲ್ಲಿನ ಬಣ್ಣ ನೋಡೋರು ಬೇಡ್ವಾ?"

"ಇವರಿಗೆ ಬಿಸಿಲು ತಾಗಿದೆ," ಎಂದರು ಕ್ಯಾಷಿಯರ್.

"ನೀನೇ ಅಲ್ವಾ ಅಪ್ಪ, ಲೆಕ್ಕ ಏನು ಹೇಳುತ್ತೋ ಹಾಗೆ ಅಂದಿದ್ದು?"

ಗುಮಾಸ್ತರು ಜೇಬಿನಿಂದ ಕರಾರುಪತ್ರ ತೆಗೆದು ಕೊಟ್ಟರು. ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು, ಇರುವೆ ಸಾಲಿನ ಮೇಲೆ ಬೆರಳಾಡಿಸುತ್ತ ಓದತೊಡಗಿದರು.

"ನಾಲ್ಕು ವರ್ಷ... ಪ್ರತಿ ಶನಿವಾರ, ಭಾನುವಾರ... ಹ್ಞೂಂ. 'ಸಂಭಾವನೆಯನ್ನು ನಗದಾಗಿ ಕೊಡಲಾಗುವುದಿಲ್ಲ, ಮಗುವಿನ ಶುಲ್ಕಕ್ಕೆ ಮಾತ್ರ ಜಮೆ ಮಾಡಲಾಗುವುದು.' 'ಮಗು ಸೇರದಿದ್ದರೂ, ನಡುವೆ ಬಿಟ್ಟರೂ ಕರಾರು ಊರ್ಜಿತ.' 'ಮಧ್ಯದಲ್ಲಿ ತಪ್ಪಿಸಿದಲ್ಲಿ ಒಂದು ವರ್ಷದ ಪೂರ್ಣ ಶುಲ್ಕ ದಂಡ.'" ಅವರು ಹಾಳೆ ಕೆಳಗಿಳಿಸಿದರು. "ಅಂದ್ರೆ ಈ ಮನೆಯಿಂದ ನಾಲ್ಕು ವರ್ಷ ಚಿತ್ರಕಲಾ ಕಾಲೇಜಿಗೆ ಹೋಗೋನು ನೀನೊಬ್ಬನೇ ಕಣಯ್ಯಾ. ಪದವಿ ಇಲ್ಲ, ಸಂಪಾದನೆ ಇಲ್ಲ. ಇದರ ಸರಾಸರಿ ಹಾಕೋದು ನನಗೂ ಬರಲ್ಲ."

"ಇವಳ ವಾಣಿಜ್ಯದ ಶುಲ್ಕ?" ಎಂದರು ಗುಮಾಸ್ತರು ಕೊನೆಯ ಆಸೆಯಿಂದ. "ವಾಪಸ್ ಕೊಡ್ತಾರಾ?"

"ರಸೀತಿ ಮೇಲೆ ಕೆಂಪಕ್ಷರದಲ್ಲಿ ಹಾಕಿದಾರೆ, ಕೊಡಲ್ಲ ಅಂತ," ಎಂದಳು ಮಗಳು. ಅಪ್ಪನ ಪಕ್ಕ ಬಂದು ಕೂತು ಕರಾರಿನ ಎರಡನೆಯ ಪುಟ ತಿರುವಿದಳು. ಅವಳ ಕಣ್ಣು ಅರಳಿತು. "ಅಪ್ಪ, ಇಲ್ಲಿ ನೋಡು! 'ಶನಿವಾರದ ತರಗತಿ ಸಾರ್ವಜನಿಕರಿಗೂ ಉಚಿತ' ಅಂತಿದೆ. ನಾನು ಚಿತ್ರ ಬಿಡ್ತೀನಿ ಅಂತ ಯಾವಾಗ ಹೇಳ್ದೆ? ವಾರವೆಲ್ಲಾ ಲೆಕ್ಕ ಓದ್ತೀನಿ, ಶನಿವಾರ ಅಲ್ಲಿಗೆ ಬರ್ತೀನಿ. ನಿನ್ನೇ ಬರೀತೀನಿ!"

"ಸಾರ್ವಜನಿಕರು ಅಂದ್ರೆ ಯಾರು ಬೇಕಾದ್ರೂ ಬರಬಹುದಾ?" ಎಂದರು ಕ್ಯಾಷಿಯರ್, ಕುರ್ಚಿ ಮುಂದಕ್ಕೆಳೆದು. "ಶನಿವಾರ ನಂಗೂ ಏನೂ ಕೆಲಸ ಇಲ್ಲ. ಕಚೇರಿಯೋರಿಗೂ ಹೇಳ್ತೀನಿ ಬಿಡಿ."

"ಅನುಪಾತ ಸರಿ ಇದೆಯೋ ಇಲ್ವೋ ನೋಡೋಕೆ ಒಬ್ಬ ಬೇಕಾಗುತ್ತೆ," ಎಂದು ಮೇಷ್ಟ್ರು ಆಗಲೇ ಪೆನ್ಸಿಲ್ಲಿನ ಮೊನೆ ಚೂಪು ಮಾಡತೊಡಗಿದ್ದರು.

ಗುಮಾಸ್ತರು ದಿಕ್ಕೆಟ್ಟು ಒಳಕೋಣೆಯತ್ತ ನೋಡಿದರು. ಆ ದೊಗಳೆ ಅಂಗಿಯೊಳಗಿಂದ ಅವರ ನೋಟ ಸಹಾಯ ಕೇಳುತ್ತಿತ್ತು. ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಗಿಲಿಗೆ ಬಂದು, ಗಂಡನನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದರು.

"ನಂಗೂ ಒಂದು ಜಾಗ ಹಿಡೀರಿ, ಮುಂದಿನ ಸಾಲಲ್ಲೇ," ಎಂದರು. "ಮದುವೆ ಆದಾಗಿಂದ ಇವರು ನನ್ನೆದುರಿಗೆ ಎರಡು ಗಂಟೆ ಕೂತಿದ್ದೇ ಇಲ್ಲ."